ಮನೆಗೆ ಎಸ್ಪ್ರೆಸ್ಸೋ ಮಷೀನ್: ಗ್ರೈಂಡರ್ ಸೇರಿ 60 ಸಾವಿರದೊಳಗೆ ಯಾವುದು ತಗೊಳ್ಳೋದು?

ಲೋಟ_ಬಟ್ಟಲು:

ಕುಡಿಯೋರು ಇಬ್ಬರು. ಬೆಳಿಗ್ಗೆ ಎರಡು, ಸಂಜೆ ಎರಡು, ಎಲ್ಲಾ ಹಾಲು ಹಾಕಿದ್ದೇ: ಕ್ಯಾಪುಚಿನೋ ಇಲ್ಲಾ ಫ್ಲಾಟ್ ವೈಟ್. ಪಟ್ಟಿಯಲ್ಲಿ ಉಳಿದಿರೋದು ಡಿಲಾಂಗಿ ಡೆಡಿಕಾ, ಬ್ರೆವಿಲ್ ಬ್ಯಾಂಬಿನೋ, ಗಾಜಿಯಾ ಕ್ಲಾಸಿಕ್. ಗ್ರೈಂಡರ್ ಅಂತ ಸದ್ಯಕ್ಕೆ ಮಿಕ್ಸಿ ಮಾತ್ರ ಇದೆ. ನನ್ನ ಅನುಮಾನಗಳು ಇಷ್ಟು. ಡಬ್ಬದ ಮೇಲೆ 15 ಬಾರ್ ಇರೋದಕ್ಕಿಂತ 20 ಬಾರ್ ಇರೋದು ಒಳ್ಳೇದಾ? ಅಂಗಡಿಯ ಫಿಲ್ಟರ್ ಪುಡಿ ನಡೆಯುತ್ತಾ? ಮನೇಲಿ ಬೋರ್‌ವೆಲ್ ನೀರು. ಆರ್‌ಒ ಇದೆ, ಅದರ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಪ್ರಮಾಣ) 30. ಅದನ್ನೇ ಹಾಕಿದರೆ ಸಾಕಾ? ಅಕ್ಕ ಅಮೆರಿಕದಿಂದ ಬರ್ತಿದ್ದಾರೆ, ಮಷೀನ್ ಅಲ್ಲಿಂದಲೇ ತರಿಸಿದರೆ ಹೇಗೆ?

ಪೀಬೆರಿ:

ಬಾರ್ ಲೆಕ್ಕ ಮೊದಲು ಬಿಟ್ಟುಬಿಡಿ. ಎಸ್ಪ್ರೆಸ್ಸೋಗೆ ಬೇಕಿರೋದು ಪುಡಿಯ ಮೇಲೆ 9 ಬಾರ್ ಒತ್ತಡ. ಡಬ್ಬದ ಮೇಲಿನ 15, 20 ಎಲ್ಲಾ ನೀರಿನ ದಾರಿ ಪೂರ್ತಿ ಮುಚ್ಚಿದಾಗ ಪಂಪು ಗರಿಷ್ಠ ಎಷ್ಟು ತಳ್ಳಬಲ್ಲದು ಅನ್ನೋದು. ಒಳ್ಳೆ ಮಷೀನಲ್ಲಿ ಹೆಚ್ಚಿನ ಒತ್ತಡವನ್ನು ವಾಪಸ್ ಟ್ಯಾಂಕಿಗೆ ಬಿಡೋ ವಾಲ್ವ್ ಇರುತ್ತೆ. ಗಾಜಿಯಾದ ಹಳೇ ಮಾದರಿಗಳಲ್ಲಿ ಅದರ ಸ್ಪ್ರಿಂಗ್ ಬಿಗಿ ಜಾಸ್ತಿ, ಜನ ಅದನ್ನ ಬದಲಾಯಿಸಿ 9ಕ್ಕೆ ಇಳಿಸ್ತಿದ್ರು. ಕ್ಲಾಸಿಕ್‌ನ ಇವೋ ಪ್ರೋ ಮಾದರಿಯಿಂದ ಈಚೆಗೆ ಕಾರ್ಖಾನೆಯಿಂದಲೇ 9ಕ್ಕೆ ಬರುತ್ತೆ.

ಮಷೀನ್ ಹೆಸರಿಗಿಂತ ಮೊದಲು ಕೇಳಬೇಕಾದ್ದು ಬಾಸ್ಕೆಟ್ (ಪುಡಿ ತುಂಬೋ ತೂತಿನ ಬಟ್ಟಲು) ಯಾವುದು ಅಂತ. ಎರಡು ಬಗೆ. ಜೋಡಿ ತಳದ ಬಾಸ್ಕೆಟ್‌ನಲ್ಲಿ ಒಳತಳಕ್ಕೆ ನೂರಾರು ತೂತು, ಹೊರತಳಕ್ಕೆ ಒಂದೇ ಸಣ್ಣ ತೂತು. ಒತ್ತಡ ಹುಟ್ಟೋದು ಆ ತೂತಿನಲ್ಲಿ, ಪುಡಿಯಲ್ಲಲ್ಲ. ಹಾಗಾಗಿ ಪುಡಿ ಹೇಗಿದ್ದರೂ ಮೇಲೆ ನೊರೆ ಕಾಣುತ್ತೆ, ಬಾಯಿಗೆ ಮಾತ್ರ ನೀರು ನೀರು. ಒಂಟಿ ತಳದ ಬಾಸ್ಕೆಟ್‌ನಲ್ಲಿ ನೀರನ್ನು ತಡೆಯೋದು ಪುಡಿ ಒಂದೇ. ನಿಜವಾದ ಎಸ್ಪ್ರೆಸ್ಸೋ ಅದರಲ್ಲೇ, ಆದರೆ ಗ್ರೈಂಡರ್ ಕೂದಲೆಳೆಯಷ್ಟು ವ್ಯತ್ಯಾಸ ಮಾಡೋ ಹಾಗಿರಬೇಕು. ಮಿಕ್ಸಿ ಆಗೋದೇ ಇಲ್ಲ: ಅರ್ಧ ಹಿಟ್ಟು, ಅರ್ಧ ರವೆ ಕೊಡುತ್ತೆ. ನೀರು ರವೆ ಇರೋ ಕಡೆ ನುಗ್ಗುತ್ತೆ, ಹಿಟ್ಟು ಇರೋ ಕಡೆ ನಿಲ್ಲುತ್ತೆ. ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಬರೋದು ಇದರಿಂದಲೇ.

ಅದಕ್ಕೇ ಬಜೆಟ್‌ನ ಮೂರನೇ ಒಂದು ಭಾಗ ಮೊದಲೇ ಗ್ರೈಂಡರ್‌ಗೆ ಎತ್ತಿಡಿ. ದಿನಕ್ಕೆ ನಾಲ್ಕು ಕಪ್ಪಿಗೆ ಕೈಯಿಂದ ತಿರುಗಿಸೋದು ಸಾಕು: ಕಿಂಗ್‌ಗ್ರೈಂಡರ್ ಕೆ6ನಲ್ಲಿ ಪುಡಿಯ ನುಣುಪು ಬದಲಾಯಿಸೋ ಒಂದು ಕ್ಲಿಕ್‌ಗೆ 16 ಮೈಕ್ರಾನ್, ಒನ್‌ಝಡ್‌ಪ್ರೆಸ್ಸೋ ಜೆಎಕ್ಸ್ ಪ್ರೋನಲ್ಲಿ 12.5. ಕ್ಲಿಕ್ ಇದಕ್ಕಿಂತ ತುಂಬಾ ದೊಡ್ಡದಾದರೆ ಒಂದು ಕ್ಲಿಕ್‌ನಲ್ಲಿ ಕಾಫಿ ಇಳಿಯೋಕೆ 18 ಸೆಕೆಂಡ್, ಮುಂದಿನದಕ್ಕೆ 45 ಆಗುತ್ತೆ, ನಡುವೆ ನಿಲ್ಲೋಕೆ ಜಾಗವೇ ಇರಲ್ಲ.

ಈಗ ಮಷೀನ್. ಡೆಡಿಕಾ 15 ಸೆಂ.ಮೀ. ಅಗಲ, ಅಡುಗೆ ಕಟ್ಟೆ ಮೇಲೆ ಜಾಗ ಇಲ್ಲದವರಿಗೆ ಸರಿ. 51 ಮಿ.ಮೀ. ಹಿಡಿ (ಬಾಸ್ಕೆಟ್ ಕೂರಿಸಿ ಮಷೀನಿಗೆ ಕಚ್ಚಿಸೋದು), ಜೊತೆಗೆ ಬರೋದು ಜೋಡಿ ತಳದ ಬಾಸ್ಕೆಟ್. ಒಂಟಿ ತಳದ್ದು ಬೇರೆ ಕೊಂಡು 14–15 ಗ್ರಾಂ ಹಾಕಬೇಕು. ಶಾಟ್ (ಒಂದು ಸಲ ಇಳಿಸೋ ಎಸ್ಪ್ರೆಸ್ಸೋ) ಮುಗಿದ ತಕ್ಷಣ ಹಿಡಿ ಬಿಚ್ಚಬೇಡಿ: ಒತ್ತಡ ಬಿಡುಗಡೆ ಮಾಡೋ ಸೊಲೆನಾಯ್ಡ್ ವಾಲ್ವ್ ಇದರಲ್ಲಿಲ್ಲ, ಗಸಿ ಗೋಡೆಗೆ ಹಾರುತ್ತೆ. ಬ್ಯಾಂಬಿನೋ 54 ಮಿ.ಮೀ., 3 ಸೆಕೆಂಡ್‌ನಲ್ಲಿ ನೀರು ಕಾಯುತ್ತೆ. ಆದರೆ ಹಿಡಿ ತಣ್ಣಗೇ ಇರುತ್ತೆ, ಪುಡಿ ಹಾಕದೆ ಒಂದು ಸಲ ನೀರು ಹಾಯಿಸಿ ಬಿಸಿ ಮಾಡಿಕೊಳ್ಳಿ. ಡಬ್ಬದಲ್ಲಿ ಯಾವ ಬಾಸ್ಕೆಟ್ ಇದೆ ಅಂತ ಕೊಳ್ಳೋ ಮೊದಲೇ ನೋಡಿ. ಗಾಜಿಯಾ 58 ಮಿ.ಮೀ., ಹೋಟೆಲ್ ಮಷೀನಿನ ಬಾಸ್ಕೆಟ್ಟು, ಟ್ಯಾಂಪರ್ರು (ಪುಡಿಯನ್ನ ಒತ್ತಿ ಕೂರಿಸೋದು) ಎಲ್ಲಾ ಕೂರುತ್ತೆ. ಬಿಚ್ಚಿ ರಿಪೇರಿ ಮಾಡಬಹುದು, ವರ್ಷಾನುಗಟ್ಟಲೆ ಬರುತ್ತೆ. ಕಷ್ಟ ಏನಂದ್ರೆ ನೀರು ಕಾದಿದೆ ಅನ್ನೋ ದೀಪ 5 ನಿಮಿಷಕ್ಕೆ ಬಂದರೂ ಲೋಹ ಪೂರ್ತಿ ಕಾಯೋಕೆ 15–20 ನಿಮಿಷ ಬೇಕು.

ಎದ್ದ ತಕ್ಷಣ ಕಾಫಿ ಬೇಕು ಅಂದ್ರೆ ಬ್ಯಾಂಬಿನೋ. ಸ್ಕ್ರೂಡ್ರೈವರ್ ಹಿಡಿಯೋ ಚಪಲ ಇದ್ರೆ ಗಾಜಿಯಾ. ಡೆಡಿಕಾನ ನಾನಾದ್ರೆ ಮೂರನೇ ಸ್ಥಾನಕ್ಕೆ ಇಡ್ತೀನಿ.

ಫೇಸ್_ನ್ಯೂಟ್ರಲ್:

ಅಮೆರಿಕದ್ದು ಬೇಡ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230, 50. ನೇರ ಚುಚ್ಚಿದರೆ ಹೀಟರ್ ಸುಟ್ಟುಹೋಗುತ್ತೆ. 1,400 ವಾಟಿನ ಮಷೀನ್‌ಗೆ 2,000 ವಾಟಿನ ಟ್ರಾನ್ಸ್‌ಫಾರ್ಮರ್ ಇಡಬೇಕು, ಅಷ್ಟು ಮಾಡಿದರೂ ಅದು ವೋಲ್ಟೇಜ್ ಇಳಿಸುತ್ತೆಯೇ ಹೊರತು ಹರ್ಟ್ಸ್ ಬದಲಾಯಿಸಲ್ಲ. ವೈಬ್ರೇಷನ್ ಪಂಪು ಕರೆಂಟಿನ ತಾಳಕ್ಕೇ ಹೊಡೆಯೋದು, ಹಾಗಾಗಿ ನೀರಿನ ಹರಿವು ಕಡಿಮೆಯಾಗುತ್ತೆ. ಅಕ್ಕನ ಹತ್ರ ಕೈ ಗ್ರೈಂಡರ್ ತರಿಸಿ, ಅದಕ್ಕೆ ಕರೆಂಟಿನ ಹಂಗಿಲ್ಲ.

ಪ್ಲಗ್ 16 ಆಂಪಿಯರ್ ಸಾಕೆಟ್‌ಗೇ ಹಾಕಿ. 6 ಆಂಪಿಯರ್ ಅಂದ್ರೆ 230 ವೋಲ್ಟ್‌ಗೆ 1,380 ವಾಟ್, ಅಂಚಿನಲ್ಲೇ ಓಡುತ್ತೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೆ ಹಾಕೋ ಆಸೆ ಬೇಡ. 900 ವಿಎ ಇನ್ವರ್ಟರ್ ಈ ಲೋಡ್ ಎಳೆಯಲ್ಲ.

ಗಡಸು_ನೀರು:

ಬೋರ್‌ವೆಲ್ ನೀರು ನೇರವಾಗಿ ಹಾಕಬಾರದು ಅನ್ನೋದು ನಿಮಗೆ ಗೊತ್ತಿದೆ. ಕ್ಯಾಲ್ಸಿಯಂ ಬಿಸಿಗೆ ಗಟ್ಟಿಯಾಗಿ ಕೂರುತ್ತೆ. ಮೊದಲು ಕಟ್ಟಿಕೊಳ್ಳೋದು ಸೊಲೆನಾಯ್ಡ್‌ನ ಸಣ್ಣ ತೂತು, ಥರ್ಮೋಬ್ಲಾಕ್‌ನ (ನೀರು ಹಾಯುತ್ತಲೇ ಕಾಯೋ ಲೋಹದ ಗಟ್ಟಿ) ಕಿರಿದಾದ ಕೊಳವೆ. ಹರಿವು ದಿನೇ ದಿನೇ ಕುಗ್ಗಿ ಪಂಪಿನ ಶಬ್ದ ಬದಲಾದರೆ ಇದನ್ನೇ ಅನುಮಾನಿಸಿ.

ಇನ್ನೊಂದು ತುದಿಯೂ ಒಳ್ಳೇದಲ್ಲ. ಆರ್‌ಒ ನೀರಿನಲ್ಲಿ ಬೈಕಾರ್ಬನೇಟ್ ತೀರಾ ಕಡಿಮೆ ಇರೋದರಿಂದ ಕಾಫಿಯ ಹುಳಿ ಚುಚ್ಚುತ್ತೆ, ಲೋಹವೂ ನಿಧಾನಕ್ಕೆ ಸವೆಯುತ್ತೆ. ಮದ್ದು ಸುಲಭ: 10 ಗ್ರಾಂ ಪೊಟ್ಯಾಸಿಯಂ ಬೈಕಾರ್ಬನೇಟ್ (ಆಹಾರ ದರ್ಜೆಯದು) 1 ಲೀಟರ್ ಆರ್‌ಒ ನೀರಿಗೆ ಕರಗಿಸಿ ಬಾಟಲಲ್ಲಿ ಇಟ್ಟುಕೊಳ್ಳಿ. ಪೂರ್ತಿ ಶುದ್ಧ ನೀರಾದರೆ ಲೀಟರಿಗೆ ಇದರ 10 ಮಿ.ಲೀ., ಅಂದರೆ 100 ಮಿ.ಗ್ರಾಂ. ನಿಮ್ಮದರಲ್ಲಿ ಆಗಲೇ 30 ಇರೋದರಿಂದ 6–7 ಮಿ.ಲೀ. ಸಾಕು. ಇದರಲ್ಲಿ ಕ್ಯಾಲ್ಸಿಯಂ ಇಲ್ಲ, ಹಾಗಾಗಿ ಕಲ್ಲು ಕಟ್ಟಲ್ಲ. ಸಿಗದಿದ್ದರೆ ಅಡುಗೆ ಸೋಡಾ 8.4 ಗ್ರಾಂ, ಉಳಿದ ಅಳತೆ ಅದೇ. ಬೇಕಿಂಗ್ ಪೌಡರ್ ಹಾಕಬೇಡಿ, ಅದು ಬೇರೆ ಪದಾರ್ಥ.

ಟಿಡಿಎಸ್ ಮೀಟರ್ ಗಡಸುತನ ಅಳೆಯಲ್ಲ, ನೀರಿನ ವಿದ್ಯುತ್ ವಾಹಕತೆಯಿಂದ ಅಂದಾಜು ಹೇಳುತ್ತೆ ಅಷ್ಟೆ. ಗಡಸುತನ ನೋಡೋಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಹನಿ ಹಾಕೋ ಕಿಟ್ ತನ್ನಿ. ಅದರಲ್ಲಿ ಒಂದು ಜರ್ಮನ್ ಡಿಗ್ರಿ ಅಂದರೆ 17.8 ಪಿಪಿಎಂ ಗಡಸುತನ.

ಕಲ್ಲು ತೆಗೆಯೋಕೆ ಲೀಟರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ನಡೆಯುತ್ತೆ. ಗಾಜಿಯಾದ ಅಲ್ಯೂಮಿನಿಯಂ ಬಾಯ್ಲರ್ ಇರೋ ಮಾದರಿಯಾದರೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ, ಎರಡು ಟ್ಯಾಂಕ್ ನೀರು ಹಾಯಿಸಿ ತೊಳೆಯಿರಿ. 2024ರ ಗಾಜಿಯಾ ಕ್ಲಾಸಿಕ್ ಇ24 ಮಾದರಿಯಲ್ಲಿ ಹಿತ್ತಾಳೆ ಬಾಯ್ಲರ್ ಇದೆ, ಅಷ್ಟು ಭಯ ಬೇಡ. ವಿನೆಗರ್ ವಾಸನೆ ರಬ್ಬರ್‌ನಲ್ಲಿ ಉಳಿದುಬಿಡುತ್ತೆ.

ಲೋಟ_ಬಟ್ಟಲು:

ಅಕ್ಕನಿಗೆ ಕೈ ಗ್ರೈಂಡರ್ ಹೇಳಿಬಿಟ್ಟೆ. ಮಷೀನ್ ಗಾಜಿಯಾ ಕಡೆಗೇ ವಾಲ್ತಿದೆ. ಫಿಲ್ಟರ್ ಪುಡಿ ಬಗ್ಗೆ ಯಾರೂ ಹೇಳಲಿಲ್ಲ. ಒಂದೇ ಬಾಯ್ಲರ್‌ನಲ್ಲಿ ಎರಡು ಕ್ಯಾಪುಚಿನೋ ಮಾಡೋ ಕ್ರಮ ಹೇಗೆ?

ಪೀಬೆರಿ:

ಫಿಲ್ಟರ್ ಪುಡಿ ನಡೆಯಲ್ಲ. ಎಸ್ಪ್ರೆಸ್ಸೋಗೆ ಅದು ದಪ್ಪ, ಒಂಟಿ ತಳದ ಬಾಸ್ಕೆಟ್‌ನಲ್ಲಿ ಹತ್ತು ಸೆಕೆಂಡ್ ಒಳಗೆ ಸುರಿದುಹೋಗುತ್ತೆ. ಚಿಕೋರಿ ಇದ್ದರಂತೂ ಅಂಟಂಟಾಗಿ ಜಾಲರಿಗೆ ಮೆತ್ತಿಕೊಳ್ಳುತ್ತೆ. ಅದೇ ಅಂಗಡಿಯಲ್ಲಿ ಪ್ಲಾಂಟೇಷನ್ ಎ, ಪೀಬೆರಿ ದರ್ಜೆಯ ಕಾಫಿ ಬೀಜವನ್ನ ಪುಡಿ ಮಾಡದೆ, ಚಿಕೋರಿ ಇಲ್ಲದೆ ಕೊಡಿ ಅನ್ನಿ. ಹಾಲಿನ ಕಾಫಿಗೆ ಕಾಲು ಭಾಗ ಒಳ್ಳೆ ರೋಬಸ್ಟಾ ಸೇರಿಸಿದರೆ ಹಾಲನ್ನ ಮೀರಿ ರುಚಿ ನಿಲ್ಲುತ್ತೆ. ರೋಬಸ್ಟಾದ ಕಾಪಿ ರಾಯಲ್ ದರ್ಜೆ ಸಿಕ್ಕಿದರೆ ಬಿಡಬೇಡಿ. ಹುರಿದು ಒಂದು ವಾರ ಆದಮೇಲೆ ಬಳಸಿ. ತೀರಾ ಹೊಸದರಲ್ಲಿ ಗ್ಯಾಸ್ ಜಾಸ್ತಿ, ಶಾಟ್ ಕೈಗೆ ಸಿಗಲ್ಲ.

ಶುರುವಿಗೆ 18 ಗ್ರಾಂ ಪುಡಿ, ಕಪ್ಪಿಗೆ ಇಳಿಯೋ ಕಾಫಿ 36 ಗ್ರಾಂ, 25–30 ಸೆಕೆಂಡ್. ಕೆಳಗೆ 0.1 ಗ್ರಾಂ ತೋರಿಸೋ ತಕ್ಕಡಿ ಇಡಿ, ಕಣ್ಣಂದಾಜು ಬೇಡ. ಬೇಗ ಸುರಿದು ಹುಳಿ ಇದ್ದರೆ ಎರಡು ಕ್ಲಿಕ್ ನುಣ್ಣಗೆ. ತೊಟ್ಟಿಕ್ಕಿ ಕಹಿಯಾದರೆ ಎರಡು ಕ್ಲಿಕ್ ದಪ್ಪ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಟ್ಯಾಂಪ್ ಮಾಡೋ ಮೊದಲು 0.4 ಮಿ.ಮೀ. ಸೂಜಿಯಿಂದ ಪುಡಿಯನ್ನ ತಳದವರೆಗೆ ಕೆದಕಿ ಗಂಟು ಒಡೆಯಿರಿ. ಬಾಸ್ಕೆಟ್ ತುಂಬಿತಾ ಅಂತ ನೋಡೋಕೆ ಟ್ಯಾಂಪ್ ಆದಮೇಲೆ ಪುಡಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹಿಡಿಯನ್ನ ಮಷೀನಿಗೆ ಕಚ್ಚಿಸಿ, ನೀರು ಬಿಡದೆ ಬಿಚ್ಚಿ. ನಾಣ್ಯ ಒಳಕ್ಕೆ ಹೂತಿದ್ದರೆ ಅರ್ಧ ಗ್ರಾಂ ಕಡಿಮೆ ಮಾಡಿ.

ಕ್ರಮ ಹೀಗೆ: ಮೊದಲು ಎರಡೂ ಶಾಟ್, ಆಮೇಲೆ ಸ್ಟೀಮ್ ಸ್ವಿಚ್. ದೀಪ ಬಂದಮೇಲೆ ಹಬೆ ಬರೋ ನಳಿಗೆಯ ನೀರನ್ನ ಒರೆಸೋ ಬಟ್ಟೆಗೆ ಬಿಟ್ಟು, ಒಣ ಹಬೆ ಬರ್ತಿದ್ದ ಹಾಗೆ ಹಾಲಿಗೆ ಇಳಿಸಿ. ನಂದಿನಿ ಪ್ಯಾಕೆಟ್ ಹಾಲು ಪಾಶ್ಚೀಕರಿಸಿದ್ದೇ, ಕಾಯಿಸದೆ ಫ್ರಿಜ್‌ನಿಂದ ನೇರ ಜಗ್ಗಿಗೆ ಹಾಕಿ. ಕಾಯಿಸಿ ಆರಿಸಿದ್ದರಲ್ಲಿ ಕೆನೆಯ ಚೂರು ಸೇರಿ ನೊರೆ ನುಣ್ಣಗಾಗಲ್ಲ. ಮೊದಲ ಐದಾರು ಸೆಕೆಂಡ್ ಮಾತ್ರ ಗಾಳಿ, ಆಮೇಲೆ ನಳಿಗೆ ಮುಳುಗಿಸಿ ಸುಳಿ ಎಬ್ಬಿಸಿ. ಜಗ್ಗು ಕೈಗೆ ತಡೆಯಲಾರದಷ್ಟು ಸುಡೋಕೆ ಶುರುವಾದರೆ ಸುಮಾರು 60 ಡಿಗ್ರಿ, ಅಲ್ಲಿಗೆ ನಿಲ್ಲಿಸಿ.

ಹಬೆ ಆದಮೇಲೆ ಸ್ಟೀಮ್ ಸ್ವಿಚ್ ಆರಿಸಿ, ನಳಿಗೆ ತೆರೆದೇ ಪಂಪು ಓಡಿಸಿ. ಪುಸಪುಸ ನಿಂತು ನೀರು ಒಂದೇ ಧಾರೆಯಾಗಿ ಬರೋವರೆಗೂ ಬಿಡಿ. ಇದನ್ನ ಮಾಡದಿದ್ದರೆ ಬಾಯ್ಲರ್ ಅರ್ಧ ಖಾಲಿಯಾಗಿ ಹೀಟರ್ ಒಣಗೇ ಕಾಯುತ್ತೆ, ಮುಂದಿನ ಶಾಟ್ ಸುಟ್ಟ ವಾಸನೆ ಬರುತ್ತೆ.