1 ಜಿಬಿ ರ್ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್? 32-ಬಿಟ್ಟೋ, 64-ಬಿಟ್ಟೋ?

ಪ್ರಶ್ನೆ:
ನನ್ನ ತಂದೆಯವರು 2010ರಲ್ಲಿ ಕೊಂಡ ಪುಟ್ಟ ಲ್ಯಾಪ್‌ಟಾಪ್ ಇನ್ನೂ ಕೆಟ್ಟಿಲ್ಲ. ಇಂಟೆಲ್ ಆಟಮ್ ಎನ್450 ಪ್ರೊಸೆಸರ್, 1 ಜಿಬಿ ರ್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್ ಇರುವ ಇದರಲ್ಲಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತುಹೋಯಿತು. ಈಚೆಗೆ ಹೆಚ್ಚು ಬಳಕೆಯಲ್ಲಿರುವ ಒಂದು ಲಿನಕ್ಸ್ ಹಾಕಿ ನೋಡಿದೆ. ಬ್ರೌಸರ್ ತೆರೆದೊಡನೆ ಡಿಸ್ಕಿನ ದೀಪ ಆರದೆ ಉರಿಯುತ್ತದೆ, ಮೌಸ್ ಕೂಡ ತಡೆತಡೆದು ಚಲಿಸುತ್ತದೆ. ಅವರಿಗೆ ಬೇಕಿರುವುದು ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೀಲಿಗಳಲ್ಲೇ ಕನ್ನಡ ಬರೆಯುವುದು, ಪಿಡಿಎಫ್ ಓದುವುದು, ದಿನಕ್ಕೊಮ್ಮೆ ಪತ್ರಿಕೆಯ ಜಾಲತಾಣ ನೋಡುವುದು, ಇಷ್ಟೇ. 32-ಬಿಟ್ ಆವೃತ್ತಿ ಹಾಕಿದರೆ ರ್ಯಾಮ್ ಉಳಿಯುತ್ತದೆಯೆಂದು ಕೇಳಿದ್ದೇನೆ. ಅದು ನಿಜವೇ?

ಉತ್ತರ 1:
ನಿಜ. 64-ಬಿಟ್ ತಂತ್ರಾಂಶದಲ್ಲಿ ಮೆಮೊರಿಯ ಒಂದೊಂದು ವಿಳಾಸವೂ 4ರ ಬದಲು 8 ಬೈಟ್ ಹಿಡಿಯುವುದರಿಂದ ಅದೇ ಕೆಲಸಕ್ಕೆ ಸ್ವಲ್ಪ ಹೆಚ್ಚು ರ್ಯಾಮ್ ಬೇಕಾಗುತ್ತದೆ. ಆದರೂ ನಾನು 64-ಬಿಟ್ಟನ್ನೇ ಹಾಕಿರೆಂದು ಹೇಳುತ್ತೇನೆ, ಏಕೆಂದರೆ 32-ಬಿಟ್‌ನ ದಾರಿ ಮುಚ್ಚುತ್ತಾ ಬಂದಿದೆ: 2025ರ ಆಗಸ್ಟಿನಲ್ಲಿ ಬಂದ, ಡೆಬಿಯನ್ ಎಂಬ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಮೊಜಿಲ್ಲಾ ಕೂಡ ಫೈರ್‌ಫಾಕ್ಸ್ 144ರ ನಂತರ 32-ಬಿಟ್ ಲಿನಕ್ಸ್ ಅನ್ನು ಕೈಬಿಟ್ಟಿದೆ. ಅಂತರಜಾಲಕ್ಕೆ ಹೋಗುವ ಯಂತ್ರದಲ್ಲಿ ಬ್ರೌಸರ್ ಹಳತಾಗಿ ಉಳಿಯಬಾರದು. 32-ಬಿಟ್ ಮಾತ್ರ ನಡೆಸುವ 2008ರ ಎನ್270 ಪ್ರೊಸೆಸರ್ ಆಗಿದ್ದರೆ ಬೇರೆ ಗತಿಯಿರಲಿಲ್ಲ. ನಿಮ್ಮ ಎನ್450 64-ಬಿಟ್ಟನ್ನು ನಡೆಸಬಲ್ಲದು.

ವಿತರಣೆಯಾಗಿ, ಅಂದರೆ ಹಾಕಿಕೊಳ್ಳಲು ಸಿದ್ಧವಾಗಿ ಸಿಗುವ ಲಿನಕ್ಸ್ ಆಗಿ, ಆಂಟಿಎಕ್ಸ್ ನೋಡಿ. ಡೆಬಿಯನ್ ಆಧಾರದ ಮೇಲೆ ನಿಂತಿದ್ದರೂ ಇದು ಯಂತ್ರ ಆರಂಭವಾದಾಗ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯನ್ನು ಬಳಸುವುದಿಲ್ಲ, ಪೂರ್ಣ ಡೆಸ್ಕ್‌ಟಾಪ್‌ನ ಬದಲು ಐಸ್‌ಡಬ್ಲ್ಯುಎಂ ಎಂಬ ಚಿಕ್ಕ ವಿಂಡೋ ಮ್ಯಾನೇಜರ್‌ನಿಂದಲೇ ಕೆಲಸ ನಡೆಸುತ್ತದೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈ-ಫೈ ಮತ್ತು ಧ್ವನಿ ಸರಿಯಿವೆಯೇ ಎಂದು ನೋಡಿಕೊಳ್ಳಿ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಯಾವ ವಿತರಣೆ ಹಾಕಿದರೂ ಬ್ರೌಸರ್ ಬೇಡುವ ರ್ಯಾಮ್ ಬೇಡಿಯೇ ತೀರುತ್ತದೆ. ನೀವು ಹೇಳಿದ ದೀಪ ಆರದೆ ಉರಿಯಲು ಕಾರಣ, ರ್ಯಾಮ್ ತುಂಬಿದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ಮೆಮೊರಿಯ ತುಣುಕುಗಳಾದ ಪುಟಗಳನ್ನು ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್ ಜಾಗಕ್ಕೆ ಸಾಗಿಸುತ್ತಿರುವುದು. ತಿರುಗುವ ಡಿಸ್ಕಿಗೆ ಆ ವೇಗ ಇಲ್ಲ. ಇದಕ್ಕೆ ಜೆಡ್‌ರ್ಯಾಮ್ ಹಾಕಿಕೊಳ್ಳಿ. ಅದು ಅದೇ ಪುಟಗಳನ್ನು ಡಿಸ್ಕಿಗೆ ಕಳಿಸದೆ, ರ್ಯಾಮಿನೊಳಗೇ ಅದುಮಿ ಇಡುತ್ತದೆ. ಸಾಮಾನ್ಯವಾಗಿ ಅರ್ಧಕ್ಕೋ ಇನ್ನೂ ಕಡಿಮೆಗೋ ಇಳಿಯುತ್ತವೆ, ಪ್ರೊಸೆಸರ್‌ಗೆ ಬೀಳುವ ಹೊರೆ ಡಿಸ್ಕಿಗಾಗಿ ಕಾಯುವುದಕ್ಕಿಂತ ಎಷ್ಟೋ ವಾಸಿ. ಡೆಬಿಯನ್‌ನಲ್ಲಿ ಜೆಡ್‌ರ್ಯಾಮ್-ಟೂಲ್ಸ್ ಎಂಬ ಪ್ಯಾಕೇಜ್ ಇದೆ. ಪುಟಗಳನ್ನು ಸ್ವಾಪ್‌ಗೆ ಎಷ್ಟು ಸುಲಭವಾಗಿ ಸಾಗಿಸಬೇಕೆಂದು ಹೇಳುವ ಸ್ವಾಪಿನೆಸ್ ಮೌಲ್ಯವನ್ನು 60ರಿಂದ 100ಕ್ಕೆ ಏರಿಸಿ.

ಕೈಯಲ್ಲಿ ಸ್ವಲ್ಪ ಹಣವಿದ್ದರೆ ರ್ಯಾಮನ್ನು 2 ಜಿಬಿ ಮಾಡಿ. ಎನ್450 ಅದಕ್ಕಿಂತ ಹೆಚ್ಚನ್ನು ಒಪ್ಪುವುದಿಲ್ಲ.

ಉತ್ತರ 3:
ಕನ್ನಡದ ವಿಷಯ. ಹಲವು ಭಾಷೆಗಳಲ್ಲಿ ಬರೆಯಲು ನೆರವಾಗುವ ಐಬಸ್ ತಂತ್ರಾಂಶದ ಐಬಸ್-ಎಂ17ಎನ್ ಹಾಕಿದರೆ ಅದರಲ್ಲಿ ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿಯ ಕೀಲಿಗಳೂ ಅವೇ ಆದ್ದರಿಂದ ನಿಮ್ಮ ತಂದೆಯವರ ಬೆರಳುಗಳು ಹೊಸದಾಗಿ ಕಲಿಯಬೇಕಾಗಿಲ್ಲ. ಐಸ್‌ಡಬ್ಲ್ಯುಎಂನಲ್ಲಿ ಐಬಸ್ ತಾನಾಗಿ ಏಳುವುದಿಲ್ಲವಾದ್ದರಿಂದ ಅದನ್ನು ಆರಂಭದ ಕಡತದಲ್ಲಿ ಸೇರಿಸಬೇಕು. ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ. ಹಳೆಯ ನುಡಿಯಲ್ಲಿ ಯೂನಿಕೋಡ್ ಅಲ್ಲದೆ ಬರೆದ ಕಡತಗಳಿದ್ದರೆ, ವಿಂಡೋಸ್ ಅಳಿಸುವ ಮೊದಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಪೆನ್‌ಡ್ರೈವ್‌ಗೆ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ವಿಂಡೋಸ್ ಇನ್ನೂ ಅಳಿಸಿಲ್ಲ, ಹಾಗಾಗಿ ಮೊದಲು ತಂದೆಯವರ ಕಡತಗಳನ್ನು ತೆಗೆದಿಟ್ಟು, ಆಮೇಲೆ 64-ಬಿಟ್ ಆಂಟಿಎಕ್ಸ್ ಅನ್ನು ಪೆನ್‌ಡ್ರೈವ್‌ನಿಂದ ಓಡಿಸಿ ನೋಡುತ್ತೇನೆ.