ಡ್ರೈವರ್ ಸ್ಲೈಸ್: ಮೊದಲು ಗ್ರಿಪ್ಪೋ, ಪಾತೋ?

ಹದಿನೆಂಟನೇ_ಹೋಲ್: ಗಾಲ್ಫ್‌ನಲ್ಲಿ ನನ್ನದು ಬಲಗೈ ಆಟ. ಡ್ರೈವರ್‌ನಲ್ಲಿ (ದೂರ ಹೊಡೆಯುವ ಉದ್ದನೆಯ ಕ್ಲಬ್) ಚೆಂಡು ಗುರಿಗಿಂತ ಎಡಕ್ಕೆ ಹೊರಟು, ಆಮೇಲೆ ಬಲಕ್ಕೆ ಬಾಗಿ ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ದಾಟಿ ಹೋಗುತ್ತೆ, ಅದೇ ಸ್ಲೈಸ್. 7 ಐರನ್ (ಚಿಕ್ಕ ಕ್ಲಬ್) ಹೆಚ್ಚುಕಡಿಮೆ ನೇರ. ಮೊದಲು ತಿದ್ದಬೇಕಾದ್ದು ಗ್ರಿಪ್ಪೋ (ಕ್ಲಬ್ ಹಿಡಿತ), ಸ್ವಿಂಗ್ ಪಾತೋ (ಚೆಂಡಿನ ಬಳಿ ಕ್ಲಬ್ ಸಾಗುವ ದಾರಿ)?

ದೊಮ್ಮಲೂರು_ಡ್ರೈವರ್: ಗ್ರಿಪ್. ಎಡಗೈಯನ್ನು ಬಲಕ್ಕೆ ಹೊರಳಿಸಿ ಹಿಡಿಯಿರಿ, ಮೇಲಿಂದ ನೋಡಿದಾಗ ಮೂರು ಗೆಣ್ಣು ಕಾಣಬೇಕು. ಹಿಡಿ ಅಂಗೈಯಲ್ಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಹೆಬ್ಬೆರಳು ತೋರುಬೆರಳಿನ ನಡುವಿನ ಗೆರೆ ಎರಡೂ ಕೈಗಳಲ್ಲಿ ಬಲಭುಜದ ಕಡೆಗಿರಲಿ. ಫೇಸ್ ತೆರೆದೇ ಇದ್ದರೆ ಪಾತ್ ಎಷ್ಟು ತಿದ್ದಿದರೂ ವ್ಯರ್ಥ. ಫೇಸ್ ಅಂದರೆ ಚೆಂಡಿಗೆ ತಾಗುವ ಕ್ಲಬ್ಬಿನ ಮುಖ, ಬಲಕ್ಕೆ ತಿರುಗಿದ್ದರೆ ತೆರೆದಿದೆ, ಎಡಕ್ಕೆ ತಿರುಗಿದ್ದರೆ ಮುಚ್ಚಿದೆ.

ಕೊಡಗು_ಬರ್ಡಿ: "ಫೇಸ್ ತೆರೆದೇ ಇದ್ದರೆ" ಅಂತೀರಿ, ಚೆಂಡು ಎಡಕ್ಕೆ ಹೊರಡ್ತಿದೆ ಅಂತ ಅವರೇ ಬರೆದಿದ್ದಾರಲ್ಲ! ಡ್ರೈವರ್‌ನಲ್ಲಿ ಚೆಂಡು ಹೊರಡುವ ದಿಕ್ಕು ಐದರಲ್ಲಿ ನಾಲ್ಕು ಪಾಲು ಫೇಸ್‌ನದ್ದು. ಎಡಕ್ಕೆ ಹೊರಟರೆ ಫೇಸ್ ಮುಚ್ಚಿದೆ ಅಂತಲೇ ಅರ್ಥ. ಪಾತ್ ಅದಕ್ಕಿಂತಲೂ ಎಡಕ್ಕಿದೆ. ಫೇಸ್ 2 ಡಿಗ್ರಿ ಎಡ, ಪಾತ್ 8 ಡಿಗ್ರಿ ಎಡ ಅಂದುಕೊಳ್ಳಿ, ನಡುವಿನ 6 ಡಿಗ್ರಿಯೇ ಸ್ಲೈಸ್. ಇವರು ಗ್ರಿಪ್ ಮಾತ್ರ ಸ್ಟ್ರಾಂಗ್ ಮಾಡಿದರೆ (ನೀವು ಹೇಳಿದಂತೆ ಕೈ ಬಲಕ್ಕೆ ಹೊರಳಿಸಿದರೆ) ಚೆಂಡು ನೆಟ್ಟಗೆ ಎಡಗಡೆಯ ರಫ್‌ಗೆ (ಉದ್ದ ಹುಲ್ಲಿಗೆ).

ದೊಮ್ಮಲೂರು_ಡ್ರೈವರ್: "ಮುಚ್ಚಿದೆ" ಅನ್ನೋದೇ ತಪ್ಪು. ಗುರಿಗೆ ಮುಚ್ಚಿದೆ, ಪಾತ್‌ಗೆ 6 ಡಿಗ್ರಿ ತೆರೆದಿದೆ. ಬಾಗಿಸುವುದು ಎರಡನೆಯದು. ಹಿಂದಿನ ಅಮೆರಿಕನ್ ಚಾಂಪಿಯನ್ ಬೆನ್ ಹೋಗನ್ ಕೂಡ ಗ್ರಿಪ್ ಬದಲಿಸಿಯೇ ಚೆಂಡಿನ ಬಾಗನ್ನು ಹತೋಟಿಗೆ ತಂದದ್ದು.

ಬಂಕರ್_ವಾಸಿ: ಹೋಗನ್ ಗ್ರಿಪ್ಪನ್ನು ವೀಕ್ (ಕೈ ಎಡಕ್ಕೆ ಹೊರಳಿಸಿ) ಮಾಡಿಕೊಂಡವನು, ಸ್ವಾಮಿ! 1953ರಲ್ಲಿ ಆಡಿದ ಮೂರು ಮೇಜರ್‌ಗಳಲ್ಲಿ (ಅತಿ ದೊಡ್ಡ ಟೂರ್ನಿಗಳಲ್ಲಿ) ಮೂರನ್ನೂ ಗೆದ್ದ. ನಿಮ್ಮ ಸಾಕ್ಷಿಯೇ ನಿಮಗೆ ವಿರುದ್ಧ.

ದೊಮ್ಮಲೂರು_ಡ್ರೈವರ್: ಹೋಗನ್‌ಗಿದ್ದ ಕಾಟ ಹುಕ್ (ಎಡಕ್ಕೆ ಜೋರಾಗಿ ಬಾಗುವುದು), ಸ್ಲೈಸ್ ಅಲ್ಲ. ಹುಕ್‌ಗೆ ವೀಕ್ ಗ್ರಿಪ್ ಮದ್ದಾದರೆ ಸ್ಲೈಸ್‌ಗೆ ಸ್ಟ್ರಾಂಗ್ ಗ್ರಿಪ್ ಮದ್ದು. ಇಷ್ಟು ಸರಳ ವಿಷಯಕ್ಕೆ ಮೇಜರ್ ಲೆಕ್ಕ ಯಾಕೆ?

ಬಂಕರ್_ವಾಸಿ: "ಸರಳ"ವಾ? ಪಾಲ್ ಏಜಿಂಗರ್ ಗ್ರಿಪ್ ನೋಡಿ, ಅತಿ ಸ್ಟ್ರಾಂಗ್. ಹೊಡೆದದ್ದು ಫೇಡ್ (ಬಲಕ್ಕೆ ಸ್ವಲ್ಪ ಬಾಗುವ ಹೊಡೆತ), 1993ರ ಪಿಜಿಎ ಚಾಂಪಿಯನ್‌ಶಿಪ್ ಗೆದ್ದ. 2001ರ ಬ್ರಿಟಿಷ್ ಓಪನ್ ಗೆದ್ದ ಡೇವಿಡ್ ಡುವಾಲ್‌ದೂ ಸ್ಟ್ರಾಂಗ್ ಗ್ರಿಪ್ಪೇ, ಅವನದೂ ಫೇಡ್. ಮೂರು ಗೆಣ್ಣು ಕಂಡ ಕೂಡಲೇ ಡ್ರಾ (ಎಡಕ್ಕೆ ಸ್ವಲ್ಪ ಬಾಗುವ ಹೊಡೆತ) ಬಂದುಬಿಡುತ್ತಾ?

ದೊಮ್ಮಲೂರು_ಡ್ರೈವರ್: ಇಂಪ್ಯಾಕ್ಟ್ ಹೊತ್ತಿಗೆ ಅವರ ಸೊಂಟ, ಎದೆ ಎರಡೂ ಗುರಿಯ ಕಡೆ ತಿರುಗಿರುತ್ತವೆ. ಮೈ ತಿರುಗುವ ವೇಗ ಫೇಸ್ ಮುಚ್ಚದಂತೆ ತಡೆಯುತ್ತೆ. ವಾರಾಂತ್ಯದ ಆಟಗಾರನ ಮೈ ಚೆಂಡಿನ ಬಳಿ ನಿಂತುಬಿಡುತ್ತೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಏಳನೇ_ಐರನ್: ಹೋಗನ್, ಏಜಿಂಗರ್ ಬಿಡಿ. ಚೆಂಡು ಫೇಸ್‌ನ ಎಲ್ಲಿ ತಾಗ್ತಿದೆ ಅಂತ ಒಬ್ಬರೂ ಕೇಳಲಿಲ್ಲ. ಫೇಸ್‌ಗೆ ಪೌಡರ್ ಸ್ಪ್ರೇ ಹೊಡೆದು ಗುರುತು ನೋಡಿ. ಹೀಲ್ ಕಡೆ (ಫೇಸ್‌ನ ಹಿಡಿಕೋಲಿಗೆ ಹತ್ತಿರದ ತುದಿ) ತಾಗಿದರೆ ಗೇರ್ ಎಫೆಕ್ಟ್‌ನಿಂದಲೇ (ಕ್ಲಬ್ ತಲೆ ತಿರುಗಿ ಚೆಂಡನ್ನು ಎದುರು ದಿಕ್ಕಿಗೆ ಸುತ್ತಿಸುವುದು) ಬಲಕ್ಕೆ ಬಾಗುವ ಸ್ಪಿನ್ ಬರುತ್ತೆ, ಪಾತ್ ನೇರವಿದ್ದರೂ. ಡ್ರೈವರ್‌ನ ಭಾರಕೇಂದ್ರ ಫೇಸ್‌ನಿಂದ ದೂರ ಹಿಂದಿರುವುದರಿಂದ ಅದರಲ್ಲಿ ಈ ಪರಿಣಾಮ ದೊಡ್ಡದು. ಜೊತೆಗೆ 7 ಐರನ್‌ನ ಲಾಫ್ಟ್ (ಫೇಸ್‌ನ ಓರೆ) ಜಾಸ್ತಿ, ಬ್ಯಾಕ್‌ಸ್ಪಿನ್ (ಚೆಂಡು ಹಿಂದಕ್ಕೆ ಸುತ್ತುವುದು) ಜಾಸ್ತಿ, ಸ್ಪಿನ್ ಅಕ್ಷ ಕಡಿಮೆ ವಾಲುತ್ತೆ, ಬಾಗು ಕಡಿಮೆ. ಅದು ನೇರ ಹೋಗುತ್ತೆ ಅಂದಮಾತ್ರಕ್ಕೆ ಸ್ವಿಂಗ್ ಸರಿಯಿದೆ ಅಂತಲ್ಲ.

ಕೊಡಗು_ಬರ್ಡಿ: "ಪಾತ್ ನೇರವಿದ್ದರೂ" ಅನ್ನೋ ಮಾತು ಇಲ್ಲಿ ಅಪ್ರಸ್ತುತ. ಹೀಲ್ ತಾಗೋದೇ ಬಹಳ ಸಲ ಡೌನ್‌ಸ್ವಿಂಗ್ ಬಲಭುಜದಿಂದ ಶುರುವಾಗಿ ಕ್ಲಬ್ ಹೊರಗೆ ನೂಕಲ್ಪಡುವುದರಿಂದ. ಚೆಂಡಿನಿಂದ ನಾಲ್ಕು ಬೆರಳು ಆಚೆ, ಒಂದು ಗೇಣು ಹಿಂದೆ ಹೆಡ್‌ಕವರ್ (ಕ್ಲಬ್ ತಲೆಗೆ ಹಾಕುವ ಚೀಲ) ಇಟ್ಟು ಅರ್ಧ ವೇಗದಲ್ಲಿ ಹೊಡೆಯಿರಿ. ಹೊರಗಿಂದ ಬಂದರೆ ಕವರ್ ಹಾರುತ್ತೆ. ಚೆಂಡನ್ನು ಟೀ ಮೊಳೆಯ ಮೇಲಿಡುವಾಗ ಅದು ಎಡ ಹಿಮ್ಮಡಿಯ ಒಳಸಾಲಿನಲ್ಲಿರಲಿ. ಇನ್ನೂ ಮುಂದಿಟ್ಟರೆ ಅದಕ್ಕೆ ಎಟುಕಲು ಭುಜಗಳು ತಾವಾಗಿಯೇ ಎಡಕ್ಕೆ ತೆರೆದುಕೊಳ್ಳುತ್ತವೆ. ಸ್ಲೈಸ್‌ಗೆ ಹೆದರಿ ಎಡಕ್ಕೆ ಗುರಿಯಿಟ್ಟವರದೂ ಇದೇ ಗತಿ: ಪಾತ್ ಇನ್ನಷ್ಟು ಎಡಕ್ಕೆ, ಬಾಗು ಇನ್ನಷ್ಟು ಜಾಸ್ತಿ.

ಹದಿನೆಂಟನೇ_ಹೋಲ್: ಹೆಡ್‌ಕವರ್ ತಪ್ಪಿಸಿದ ಮೇಲೆ ಚೆಂಡು ಬಲಕ್ಕೇ ಹೊರಟು ಬಲಕ್ಕೇ ಬಾಗಿದರೆ?

ದೊಮ್ಮಲೂರು_ಡ್ರೈವರ್: ಆಗ ಗೆಣ್ಣು ಎಣಿಸಿ. ಮೊದಲನೇ ಕಾಮೆಂಟ್‌ನಲ್ಲೇ ಹೇಳಿದ್ದು ಅದನ್ನೇ.

ಕೊಡಗು_ಬರ್ಡಿ: "ಆಗ" ಅಂದಿರಲ್ಲ, ಅಂದರೆ ಪಾತ್ ಸರಿಯಾದ ಮೇಲೆ.

ಬಂಕರ್_ವಾಸಿ: ಡುವಾಲ್‌ಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಮೈ ತಿರುಗುವುದೇ ಫೇಸ್ ಹಿಡಿದಿಡೋದಾದರೆ ಮೊದಲು ಕಲಿಸಬೇಕಾದ್ದು ಸೊಂಟ, ಗೆಣ್ಣಲ್ಲ.