ಡಾಕ್ಟರ್ ಮೇಡಂಗ ಕೇಳ್ರಿ: ಕರ್ಫ್ಯೂ ಶುಕ್ರವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು 2022ರ ಜನವರಿ 14. ರಾತ್ರಿ 10ಕ್ಕೆ ಕೊರೊನಾದ ಎರಡನೇ ವಾರಾಂತ್ಯ ಕರ್ಫ್ಯೂ ಶುರು, ಸೋಮವಾರ ಬೆಳಗ್ಗೆ 5ರ ತನಕ. ಹೊರಗ ಆಟೋದಾಗ ಮೈಕ್ ಕಟ್ಟಿ ‘ಮನೆಯಲ್ಲೇ ಇರಿ’ ಅಂತ ಕೂಗಾಕತ್ಯಾರ, ಕೇಳೀರಿ. ನಮ್ಮ ರಾಯಚೂರು ಗುಂಪಿನ ಡಾಕ್ಟರ್ ಮೇಡಂ ಓಪಿ ಮುಗಿಸಿ ಈಗ ಎರಡು ತಾಸು ಉತ್ತರ ಕೊಡ್ತಾರ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬ್ಯಾಡ್ರಿ.

ಸ್ಟೇಷನ್ ರೋಡ್: ಮೇಡಂ, ತಮ್ಮ ಬೆಂಗಳೂರಿಂದ ಹಬ್ಬಕ್ಕ ಬಂದಾನ. ಪಾಸಿಟಿವ್ ಬಂತು. ಗಂಟಲು ಕೆರೆತ ಬಿಟ್ರ ಏನಿಲ್ಲ. ಎಷ್ಟು ದಿನ ಒಳಗ ಇಡಬೇಕ್ರಿ?

ಡಾಕ್ಟರ್: ಪಾಸಿಟಿವ್ ಬಂದ ದಿನದಿಂದ 7 ದಿನ. ಅದರಾಗ ಕಡೀ 3 ದಿನ ಜ್ವರ ಇರಬಾರದು. ಬೇರೆ ಖೋಲಿ ಕೊಡ್ರಿ, ಕಿಟಕಿ ತೆರೆದಿರಲಿ, ಥಂಡಿ ಅಂತ ಮುಚ್ಚಬ್ಯಾಡ್ರಿ. ಮುಗಿದಮ್ಯಾಲೆ ಮತ್ತ ಟೆಸ್ಟ್ ಬೇಕಿಲ್ಲ. ಹೋದ ವರ್ಷದ 10 ದಿನದ ಲೆಕ್ಕ ಬಿಟ್ಟುಬಿಡ್ರಿ.

ಎಳೆ ಕೂಸಿನ ತಾಯಿ: ಮೇಡಂ ನನಗ ಪಾಸಿಟಿವ್. ಕೂಸಿಗೆ ಮೂರು ತಿಂಗಳು. ನಮ್ಮತ್ತಿ ಹಾಲು ಬಿಡಿಸು ಅಂತಾರ.

ಡಾಕ್ಟರ್: ಬಿಡಿಸಬ್ಯಾಡವ್ವ. ಮಾಸ್ಕ್ ಹಾಕ್ಕೊಂಡು, ಕೈ ತೊಳಕೊಂಡು ಕುಡಿಸು. ಹಾಲಿನಿಂದ ಈ ರೋಗ ಹೋಗಂಗಿಲ್ಲ. ಅತ್ತಿಗೆ ನನ್ನ ಹೆಸರು ಹೇಳು.

ನಿವೃತ್ತ ಮಾಸ್ತರ್: ಹಸಿ ಉಳ್ಳಾಗಡ್ಡಿಗೆ ಕಲ್ಲುಪ್ಪು ಹಚ್ಚಿ ತಿಂದರೆ 15 ನಿಮಿಷದಾಗ ಕೊರೊನಾ ನೆಗೆಟಿವ್. ಎಲ್ಲ ಗುಂಪಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ. 🙏🙏

ಅಡ್ಮಿನ್: ಮಾಸ್ತರ್ ಸರ್, ಈಗಷ್ಟೇ ಹೇಳೀನಿ.

ಡಾಕ್ಟರ್: ಉಳ್ಳಾಗಡ್ಡಿ ರೊಟ್ಟಿ ಜೊತಿ ತಿನ್ರಿ, ಚಲೋ ಇರ್ತೈತಿ. ಅದಕ್ಕೂ ರಿಪೋರ್ಟಿಗೂ ಸಂಬಂಧ ಇಲ್ಲ.

ಸಿಂಧನೂರು ಸೊಸಿ: ನಮ್ಮ ಮಾವಗ 66, ಬಿಪಿ ಐತಿ. ಎರಡನೇ ಡೋಸ್ ಹೋದ ಜೂನ್‌ನಾಗ ಆಗೈತಿ. ಈಗ ಮೂರನೇದು ಸಿಗ್ತೈತೇನ್ರಿ?

ಡಾಕ್ಟರ್: ಇನ್ನ ಇಲ್ಲ. 9 ತಿಂಗಳಾಗಬೇಕು, ಅಂದ್ರ ಮಾರ್ಚ್. ಮೊದಲು ಯಾವುದು ಹಾಕಿಸೀರೋ ಅದನ್ನೇ ಹಾಕ್ತಾರ.

ಗಂಜ್ ಅಂಗಡಿ: ಎಷ್ಟು ದಿನ ಮನ್ಯಾಗ ಇರಬೇಕ್ರಿ ಮೇಡಂ ಪಾಸಿಟಿವ್ ಬಂದ್ರ?

ಡಾಕ್ಟರ್: 7. ಮ್ಯಾಲೆ ಬರದೀನಿ.

ಮಿಲ್ ಹಿಂದಿನ ಓಣಿ: ಅಪ್ಪಗ 61 ಮೇಡಂ. ರೈಸ್ ಮಿಲ್ಲಿನಾಗ ಹಮಾಲಿ ಮಾಡ್ತಿದ್ದ. ಬೀಡಿ ಸೇದ್ತಾನ, ಸಕ್ಕರಿ ಕಾಯಿಲೆ ಐತಿ. ಲಸಿಕಿ ಒಂದೂ ಹಾಕಿಸಿಲ್ಲ. ಜ್ವರ ಬಂದು ಇವತ್ತಿಗೆ 8 ದಿನ. ಬೆರಳಿಗೆ ಹಾಕಿ ಆಕ್ಸಿಜನ್ ನೋಡೋ ಮಷಿನ್ 91, 92 ತೋರಸ್ತೈತಿ. ನಾ ಹಾಕ್ಕೊಂಡ್ರ 98. ಥಂಡಿಗೆ ಅವನ ಬೆರಳು ತಣ್ಣಗಾಗ್ಯಾವ, ಅದಕ್ಕ ಹಂಗ ಅಂತಾಳ ಅಕ್ಕ. ಅಪ್ಪ ‘ನನಗೇನಾಗೈತಿ’ ಅಂತ ಚಾ ಕುಡಕೊಂತ ಕುಂತಾನ. ಕರ್ಫ್ಯೂ ಮುಗಿಸಿ ಸೋಮವಾರ ತೋರಿಸಿದ್ರ ನಡೀತೈತೇನ್ರಿ?

ಡಾಕ್ಟರ್: ಸೋಮವಾರ ಅಲ್ಲ. ಉಳಿದವರು ಸ್ವಲ್ಪ ತಡೀರಿ, ಇದನ್ನ ಮುಗಿಸ್ತೀನಿ.

ನಿಮ್ಮಕ್ಕ ಹೇಳಿದ್ದು ಪೂರಾ ತಪ್ಪಲ್ಲ. ಬೆರಳು ತಣ್ಣಗಿದ್ರ, ಉಗುರಿಗೆ ಬಣ್ಣ ಇದ್ರ ಮಷಿನ್ ಕಡಿಮಿ ತೋರಿಸಬಹುದು. ಪರೀಕ್ಷಾ ಮಾಡೋದು ಹಿಂಗ. ಅಪ್ಪನ ಎರಡೂ ಕೈ ನಿಮ್ಮ ಕೈಯಾಗ ಹಿಡಕೊಂಡು ಬಿಸಿ ಆಗೋತನ ಉಜ್ಜರಿ. ಐದು ನಿಮಿಷ ಸುಮ್ಮನ ಕುಂದರಸ್ರಿ, ಮಾತಾಡಸಬ್ಯಾಡ್ರಿ. ನಡುಬೆರಳಿಗೆ ಹಾಕ್ರಿ. ಮೊದಲು ಬಂದ ನಂಬರ್ ನಂಬಬ್ಯಾಡ್ರಿ, ನಿಂತ ನಂಬರ್ ಬರಕೊಳ್ರಿ. ಆಮ್ಯಾಲೆ ಅವರಿಗೆ ಹೇಳದಂಗ ಹೊಟ್ಟಿ ಮ್ಯಾಲೆ ಕಣ್ಣಿಟ್ಟು ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಸ್ರಿ. ಹೇಳಿದ್ರ ಅವರು ಬೇಕಂತಲೇ ನಿಧಾನ ಎಳೀತಾರ.

ಇನ್ನೊಂದು. ಇಲ್ಲೀತನ ಯಾವ ಗುಳಿಗಿ ಕೊಟ್ಟೀರಿ?

ದೇವಸೂಗೂರು ದಾರಿ: ಸಂಕ್ರಾಂತಿಗೆ ನದಿ ಸ್ನಾನಕ್ಕ ಹೋಗಬಹುದೇನ್ರಿ? ಹರಿಯೋ ನೀರಿನಾಗ ವೈರಸ್ ಇರಂಗಿಲ್ಲ ಅಂತಾರ.

ಡಾಕ್ಟರ್: ನೀರಿನಾಗ ಇರಂಗಿಲ್ಲ, ದಂಡಿ ಮ್ಯಾಲೆ ನಿಂತ ಮಂದ್ಯಾಗ ಇರ್ತೈತಿ. ಮನ್ಯಾಗ ಎಳ್ಳು ಹಚ್ಚಿ ಎರಕೊಳ್ರಿ.

ಗಂಜ್ ಅಂಗಡಿ: ಸ್ನಾನಕ್ಕ ಬ್ಯಾಡ, ಅಂಗಡಿ ಬ್ಯಾಡ. ಆದರ ಮೇಕೆದಾಟು ಪಾದಯಾತ್ರಿಗೆ ಸಾವಿರಾರು ಮಂದಿ ನಡೀಬಹುದು. ಅವರಿಗೆ ರೋಗ ಹತ್ತಂಗಿಲ್ಲೇನು?

ಶಕ್ತಿನಗರ ಕ್ವಾರ್ಟರ್ಸ್: ಅದನ್ನು ನಿನ್ನೆಯೇ ನಿಲ್ಲಿಸಿದ್ದಾರೆ, ಪೇಪರ್ ಓದಿ. ಮತ್ತೆ ಆಡಳಿತ ಪಕ್ಷದವರ ಸಭೆ ಸಮಾರಂಭಗಳಲ್ಲಿ ಜನ ಇರಲಿಲ್ವಾ?

ಗಂಜ್ ಅಂಗಡಿ: ನೀವು ತಿಂಗಳ ಪಗಾರದವರು, ಮನ್ಯಾಗ ಕುಂತ್ರೂ ಒಂದನೇ ತಾರೀಖಿಗೆ ಬೀಳ್ತೈತಿ. ಗಂಜಿನಾಗ ಎರಡು ದಿನ ಲಾರಿ ನಿಂತ್ರ ಹಮಾಲರ ಮನ್ಯಾಗ ಒಲಿ ಹೊತ್ತಂಗಿಲ್ಲ.

ಶಕ್ತಿನಗರ ಕ್ವಾರ್ಟರ್ಸ್: ಹಮಾಲರ ಮೇಲೆ ಇಷ್ಟು ಪ್ರೀತಿ ಇದ್ದರೆ ಎರಡು ದಿನದ ಕೂಲಿ ನೀವೇ ಕೊಡಬಹುದಲ್ಲ.

ಗಂಜ್ ಅಂಗಡಿ: ಬರ್ರಿ ಗಂಜಿಗೆ, ಲೆಕ್ಕ ತೋರಸ್ತೀನಿ.

ಅಡ್ಮಿನ್: ರಾಜಕೀಯ ಬ್ಯಾಡ. ಲೆಕ್ಕಾನೂ ಬ್ಯಾಡ.

ಮಾನ್ವಿ ರೋಡ್: ಈ ಸಲ ಕೊಪ್ಪಳ ಗವಿಮಠದ ಜಾತ್ರಿ ನಡೀತೈತೇನ್ರಿ ಯಾರಿಗಾದ್ರೂ ಗೊತ್ತದ?

ಮಿಲ್ ಹಿಂದಿನ ಓಣಿ: ಮೇಡಂ ಕೈ ಉಜ್ಜಿ ನೋಡಿದ್ವಿ. 90ಕ್ಕ ನಿಂತತಿ. ಉಸಿರು 28. ಗುಳಿಗಿ ಮೆಡಿಕಲ್‌ನವರು ಕೊಟ್ಟಿದ್ದು. ಒಂದು ಜ್ವರದ್ದು, ಒಂದು ಸಣ್ಣ ಬಿಳಿ ಗುಳಿಗಿ, ಡೆಕ್ಸಾ ಅಂತ ಐತಿ ಮ್ಯಾಲೆ. ಎರಡನೇ ದಿನದಿಂದ ಕೊಡಾಕತ್ತೀವಿ. ಅದು ಕೊಟ್ಟಮ್ಯಾಲೆ ಜ್ವರ ಇಳೀತು, ಊಟಾನೂ ಛಲೋ ಮಾಡಾಕತ್ತಾನ. ಅದಕ್ಕ ಆರಾಮಾಗಾಕತ್ತಾನ ಅಂದ್ಕೊಂಡ್ವಿ.

ಡಾಕ್ಟರ್: ಆರಾಮ ಆಗಿಲ್ಲ. 108ಕ್ಕ ಫೋನ್ ಮಾಡ್ರಿ ಈಗ. ಮಾಡಿ ಬಂದು ಉಳಿದದ್ದು ಓದ್ರಿ.

ಆ ಸಣ್ಣ ಬಿಳಿ ಗುಳಿಗಿ ಸ್ಟೀರಾಯ್ಡ್. ಜ್ವರ ಇಳಸ್ತೈತಿ, ಹಸಿವು ಹೆಚ್ಚು ಮಾಡ್ತೈತಿ, ಮನಸಿಗೆ ಒಂಥರಾ ಹುರುಪು ಕೊಡ್ತೈತಿ. ನೋಡಿದವರಿಗೆ ಮನುಷ್ಯ ಎದ್ದು ಕುಂತಂಗ ಕಾಣ್ತಾನ. ಒಳಗ ಪುಪ್ಪುಸದ ಕೆಲಸ ಬ್ಯಾರೆ ನಡದಿರ್ತೈತಿ. ಇದೇ ಔಷಧ ದವಾಖಾನ್ಯಾಗ ಜೀವ ಉಳಿಸೈತಿ, ಸುಳ್ಳಲ್ಲ. 2020ರಾಗ ಬ್ರಿಟನ್ನಿನ ರಿಕವರಿ ಅನ್ನೋ ದೊಡ್ಡ ಪ್ರಯೋಗದಾಗ ದಿನಕ್ಕ 6 ಮಿಲಿಗ್ರಾಂ ಕೊಟ್ಟು ನೋಡಿದ್ರು. ಆಕ್ಸಿಜನ್ ಮ್ಯಾಲೆ ಇದ್ದವರಾಗ ಸಾವು ಕಡಿಮಿ ಆತು. ಆಕ್ಸಿಜನ್ ಬೇಕಿಲ್ಲದವರಿಗೆ ಲಾಭ ಏನೂ ಕಾಣಲಿಲ್ಲ. ಎರಡನೇ ದಿನ, ಬರೀ ಜ್ವರ ಇದ್ದವನಿಗೆ, ಅದೂ ಸಕ್ಕರಿ ಇದ್ದವನಿಗೆ ಕೊಡೋದಂದ್ರ ವೈರಸ್ಸಿಗೆ ಬಾಗಿಲು ತೆಗೆದು ಸಕ್ಕರಿ ಏರಸಿದಂಗ. ಹೋದ ವರ್ಷ ಕಪ್ಪು ಶಿಲೀಂಧ್ರ ಬಂದವರ ಕಣ್ಣು ತೆಗೆದದ್ದು ನೆನಪೈತಿಲ್ಲ? ಸಕ್ಕರಿ ಮತ್ತ ಸ್ಟೀರಾಯ್ಡ್, ಎರಡೂ ಜೋಡಿ ಇದ್ದವರೇ ಅವರಾಗ ಹೆಚ್ಚು.

ಈಗ ಮಾಡಬೇಕಾದ್ದು: ಗಾಡಿ ಬರೋತನ ಅಪ್ಪನ್ನ ಬೋರಲ ಮಲಗಸ್ರಿ, ಎದಿ ಕೆಳಗ ಒಂದು, ಕಾಲ್ಕೆಳಗ ಒಂದು ದಿಂಬು. ಬೋರಲ ಆಗದಿದ್ರ ಮಗ್ಗಲಿಗೆ. ಸಂಡಾಸಕ್ಕ ನಡಸಬ್ಯಾಡ್ರಿ. ಸಕ್ಕರಿ ಗುಳಿಗಿ, ಈ ಗುಳಿಗಿ, ಎಲ್ಲಾ ಪಟ್ಟಿ ಕಿಸೆದಾಗ ಇಟ್ಕೊಳ್ರಿ.

ಕರ್ಫ್ಯೂ ಅಂತ ಅಂಜಬ್ಯಾಡ್ರಿ. ರೋಗಿ, ರೋಗಿ ಜೊತಿ ಹೋಗೋವ್ರಿಗೆ ತಡೆ ಇಲ್ಲ. ಎಲ್ಲರಿಗೂ ಹೇಳ್ತೀನಿ: ‘ಮನೆಯಲ್ಲೇ ಇರಿ’ ಅಂತ ಕೂಗೋದು ತಿರುಗೋವ್ರಿಗೆ. ದಮ್ಮು ಬಂದವರಿಗಲ್ಲ. ಮನ್ಯಾಗ ಇದ್ದು 93 ಅಥವಾ ಅದಕ್ಕಿಂತ ಕೆಳಗ ಒಂದು ತಾಸಿನಾಗ ಮೂರು ಸಲ ಬಂತು, 100ರ ಮ್ಯಾಲಿನ ಜ್ವರ ಮೂರು ದಿನ ದಾಟಿದ್ರೂ ಬಿಡಲಿಲ್ಲ, ಎದಿ ಒತ್ತಿದಂಗ ಆತು, ಮಾತು ತೊದಲ್ತು ಅಂದ್ರ ರಾತ್ರಿ ಎರಡಕ್ಕಾದ್ರೂ ಹೊರಡ್ರಿ.

ಹಟ್ಟಿ ಕ್ಯಾಂಪ್: ನನ್ನ ಸಿಟಿ ಸ್ಕ್ಯಾನ್ ಫೋಟೋ ಹಾಕೀನಿ ನೋಡ್ರಿ ಮೇಡಂ. ಸ್ಕೋರ್ 3 ಅಂತ. ಜ್ವರ ಇಲ್ಲ, ಮಷಿನ್‌ನಾಗ 98.

ಡಾಕ್ಟರ್: 98 ಇದ್ದವರಿಗೆ ಸ್ಕ್ಯಾನ್ ಬೇಕಿರಲಿಲ್ಲ. ರೊಕ್ಕ ಹೋತು.

ನಿವೃತ್ತ ಮಾಸ್ತರ್: ಆ ಹಮಾಲ ಬಂಧುವಿಗೆ ಗಾಡಿ ಬರೋತನಕ ಕರ್ಪೂರ, ಲವಂಗ, ಅಜವಾನ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಲು ಕೊಡಿ. ಆಕ್ಸಿಜನ್ ಏರ್ತದ. ಅನುಭವದ ಮಾತು.

ಡಾಕ್ಟರ್: ಏರಂಗಿಲ್ಲ ಸರ್. ಮೂಗು ತಣ್ಣಗಾಗಿ ಉಸಿರು ಸಲೀಸಾದಂಗ ಅನಸ್ತೈತಿ ಅಷ್ಟೇ, ರಕ್ತದಾಗ ಒಂದು ನಂಬರೂ ಏರಂಗಿಲ್ಲ. ಮನ್ಯಾಗ ಸಣ್ಣ ಹುಡುಗ್ರಿದ್ದು ಆ ಕರ್ಪೂರ ಬಾಯಿಗೆ ಹಾಕ್ಕೊಂಡ್ರ ಫಿಟ್ಸ್ ಬರ್ತಾವ. ಕೆಂಡದ ಮ್ಯಾಲೆ ಲೋಬಾನ ಹಾಕಿ ಖೋಲಿ ಮುಚ್ಚೋದು ಇನ್ನೂ ಕೆಟ್ಟದ್ದು. ಕೆಂಡದ ವಿಷಗಾಳಿ ರಕ್ತ ಸೇರಿದ್ರ ಬೆರಳಿನ ಮಷಿನ್ ಅದನ್ನೂ ಆಕ್ಸಿಜನ್ ಅಂತ ಎಣಿಸಿ 98 ತೋರಸ್ತೈತಿ. ಮನುಷ್ಯ ಸಾಯಾಕತ್ತಿರ್ತಾನ. ಮೂಗಿಗೆ ಲಿಂಬಿರಸ ಬಿಟ್ಕೊಂಡು ಹೋದ ವರ್ಷ ನಮ್ಮ ಜಿಲ್ಲಾದಾಗೇ ಜೀವ ಹೋದ ಸುದ್ದಿ ಪೇಪರಿನಾಗ ಬಂದಿತ್ತು. ಅದೂ ಇಂಥಾ ಫಾರ್ವರ್ಡೇ.

ನಿವೃತ್ತ ಮಾಸ್ತರ್: ನಾನು 34 ವರ್ಷ ವಿಜ್ಞಾನ ಕಲಿಸಿದವ. ನನಗೆ ಪಾಠ ಬೇಡ.

ಡಾಕ್ಟರ್: ಅದಕ್ಕೇ ಸಿಟ್ಟು ಬರ್ತೈತಿ.

ಶಕ್ತಿನಗರ ಕ್ವಾರ್ಟರ್ಸ್: ಮೇಡಂ, ಹಿರಿಯರ ಜೊತೆ ಸ್ವಲ್ಪ ಮರ್ಯಾದೆಯಿಂದ ಮಾತಾಡಬಹುದಿತ್ತು.

ಗಂಜ್ ಅಂಗಡಿ: ಮೇಡಂ ಹೇಳಿದ್ದು ಬರೋಬರಿ. ಪಗಾರದವರು ಸುಮ್ನಿರ್ರಿ.

ನಿವೃತ್ತ ಮಾಸ್ತರ್ ಗುಂಪು ತೊರೆದರು.

ಲಿಂಗಸೂಗೂರು: ಮಗಳಿಗೆ 16. ಯಾವ ಲಸಿಕಿ?

ಡಾಕ್ಟರ್: ಕೊವ್ಯಾಕ್ಸಿನ್. 15ರಿಂದ 18ಕ್ಕ ಸದ್ಯಕ್ಕ ಅದೊಂದೇ. ಸಾಲಿಗೇ ಬಂದು ಹಾಕಾಕತ್ತಾರ, ಕೇಳ್ರಿ.

ಹೊಸ ಸದಸ್ಯ: ಪಾಸಿಟಿವ್ ಆದ್ರ ಎಷ್ಟು ದಿನ?

ಸ್ಟೇಷನ್ ರೋಡ್: ಏಳೋ ಮಾರಾಯ.

ಹೊಸ ಸದಸ್ಯ: ಎಲ್ಲಿಗೆ ಏಳಬೇಕು?

ಮಾನ್ವಿ ರೋಡ್: ಜಾತ್ರಿ ಬಗ್ಗೆ ಯಾರೂ ಹೇಳಲಿಲ್ಲ.

ಮಿಲ್ ಹಿಂದಿನ ಓಣಿ: ಮೇಡಂ ಗಾಡಿ ಬಂತು, ಈಗ ರಿಮ್ಸ್‌ನಾಗ ಅದೀವಿ. ಸಕ್ಕರಿ 412 ಅಂತ. ಮೂಗಿಗೆ ಆಕ್ಸಿಜನ್ ಹಚ್ಯಾರ. ಅಪ್ಪ ಬೀಡಿ ಕೇಳಾಕತ್ತಾನ.

ಡಾಕ್ಟರ್: ಕೊಟ್ಟೀರಿ ಮತ್ತ. ಆಕ್ಸಿಜನ್ ಹತ್ರ ಕಡ್ಡಿ ಗೀರಿದ್ರ ವಾರ್ಡೇ ಹತ್ತಿ ಉರೀತೈತಿ. ಗುಳಿಗಿ ಪಟ್ಟಿ ಅಲ್ಲಿ ಡಾಕ್ಟರಿಗೆ ತೋರಿಸಿದ್ರಿ?

ಮಿಲ್ ಹಿಂದಿನ ಓಣಿ: ಅಕ್ಕ ಗಡಿಬಿಡ್ಯಾಗ ಮನ್ಯಾಗ ಬಿಟ್ಟು ಬಂದಾಳ. ತಮ್ಮ ಸೈಕಲ್ ಮ್ಯಾಲೆ ತರಾಕ ಹೋಗ್ಯಾನ. ಹತ್ತರೊಳಗ ಬರ್ತಾನ.

ಡಾಕ್ಟರ್: ಹತ್ತು ದಾಟಿದ್ರೂ ಬರಲಿ. ಪೊಲೀಸರು ತಡದ್ರ ನನಗ ಫೋನ್ ಹಚ್ಚಂತ ಹೇಳ್ರಿ. ಅಲ್ಲೀತನ ಪಟ್ಟಿದ ಫೋಟೋ ತಗದು ಕಳಸಂತ ಹೇಳ್ರಿ ಅವಗ, ಹಿಂದ ಮುಂದ ಎರಡೂ ಕಡಿ.